ಲಾರಿಗೆ ಬಿದ್ದ ಕಣ್ಣು

ಕಂಪ್ಲಿಯ ಅಕ್ಕಿಗಿರಣಿಯನ್ನು ಮಾರಿ, ಅದಿರು ಸಾಗಿಸಲು ಹೊಸ ಲಾರಿ ಕೊಂಡ ಮೇಲೆ ಅಂದಾನಪ್ಪನಿಗೆ ಉಳಿದದ್ದು ಒಂದೇ ಭಯ: ಜನರ ಕಣ್ಣು. ಹೊಸಪೇಟೆಯಲ್ಲಿ ಪೂಜೆ ಮಾಡಿದರೆ ಊರೆಲ್ಲ ನೋಡುತ್ತದೆಂದು ಲಾರಿಯನ್ನು ಬಂಡ್ರಿಯಾಚೆ ಒಂದು ಗುಡ್ಡದ ಬುಡಕ್ಕೆ ತಂದ. ಗುಟ್ಟಾಗಿರಲೆಂದು ಬೀಗರನ್ನೂ ಲಾರಿ ಮಾಲೀಕರನ್ನೂ ಬಿಟ್ಟು ಯಾರನ್ನೂ ಕರೆಯಲಿಲ್ಲ. ನಲವತ್ತು ಜನ ಆದರು.

ಮಾರ್ಚ್ ತಿಂಗಳು. ಗುಡ್ಡದ ಹುಲ್ಲು ಹಪ್ಪಳದಂತೆ ಒಣಗಿತ್ತು. ಬೂದುಗುಂಬಳದ ಮೇಲೆ ಕರ್ಪೂರ ಹೊತ್ತಿಕೊಂಡಾಗ ಹೆಂಡತಿ ಗಂಗಾಂಬಿಕಾ ಅಡ್ಡ ಬಂದಳು.

"ಗಾಳಿ ಭಾಳ ಐತ್ರಿ. ಇಲ್ಲಿ ಬ್ಯಾಡ, ಡಾಂಬರ್ ಮ್ಯಾಲೆ ಒಡೀರಿ."

"ಸುಮ್ನಿರಲೇ. ಒಳ್ಳೇ ಹೊತ್ತಿನ್ಯಾಗ ಅಪಶಕುನ ನುಡೀತಾಳ."

ಅಂದಾನಪ್ಪ ಲಾರಿಗೆ ಕುಂಬಳವನ್ನು ನಿವಾಳಿಸಿ ಎತ್ತಿ ಒಗೆದ. ಕುಂಬಳ ಒಡೆಯಿತು, ಕರ್ಪೂರ ಹುಲ್ಲಿಗೆ ಸಿಡಿಯಿತು. ಇದ್ದದ್ದು ಒಂದು ಡ್ರಮ್ಮು ನೀರು. ಗಂಗಾಂಬಿಕಾ ಕೊಡ ತುಂಬಿಕೊಂಡು ಉರಿಯತ್ತ ಓಡಿದಳು. ಅವನು ಅದನ್ನು ಕಸಿದುಕೊಂಡ.

"ಲಾರಿಗೆ ಹಾಕ್ರಲೇ! ಮೊದ್ಲು ಲಾರಿಗೆ!"

ಬೀಗರೆಲ್ಲ ಸೇರಿ ಲಾರಿಗೆ ಅಭ್ಯಂಜನ ಮಾಡಿಸಿದರು. ಅಷ್ಟರಲ್ಲಿ ಬೆಂಕಿ ಗುಡ್ಡ ಹತ್ತಿತ್ತು.

ಗುಡ್ಡದ ಮೇಲೆ ಆಡು ಮೇಸುತ್ತಿದ್ದ ಉಚ್ಚೆಂಗಮ್ಮ ಅವುಗಳನ್ನು ಅಟ್ಟಿಕೊಂಡು ಕೆಮ್ಮುತ್ತಾ ಇಳಿದಳು. "ಮಳಿ ಬರೋತನ ನನ್ ಆಡಿಗೆ ಇದಾ ಹುಲ್ಲಿತ್ತಲ್ರೀ ಸಾವ್ಕಾರ್ರ!"

ಅಂದಾನಪ್ಪ ಅವಳ ಮಾತು ಕೇಳಲಿಲ್ಲ. ಒಂದು ಸತ್ಯ ಹೊಳೆದು ಮೈ ಝುಂ ಎಂದಿತ್ತು. "ಎಂಥಾ ಕಣ್ಣು ನೋಡವ್ವಾ! ಗುಡ್ಡಾನ ಸುಟ್ಟಿತು. ಲಾರಿಗೆ ತಾಗಿದ್ರ ಉಳೀತಿತ್ತೇನು?"

ಬೀಗರು ತಲೆದೂಗಿದರು. ಕಣ್ಣು ಲಾರಿಯನ್ನು ಬಿಟ್ಟು ಗುಡ್ಡಕ್ಕೆ ಹೋದ ಸುದ್ದಿ ಮರಿಯಮ್ಮನಹಳ್ಳಿಯವರೆಗೂ ಮುಟ್ಟಿತು. ವಾರ ಕಳೆಯುವುದರೊಳಗೆ ಅಲ್ಲಿನ ಹೊನ್ನೂರಸ್ವಾಮಿ ತನ್ನ ಹೊಸ ಲಾರಿ ತಂದು, ಅಂದಾನಪ್ಪನನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಗುಡ್ಡಕ್ಕೆ ಬಂದ. ಇಳಿದು ನೋಡಿ ಮುಖ ಸಣ್ಣದು ಮಾಡಿದ.

"ಇಲ್ಲಿ ಬರೇ ಬೂದಿ ಐತಲ್ರೀ. ನನ್ ಲಾರಿ ಕಣ್ಣು ಎಲ್ಲಿಗೆ ಹೋಗ್ಬೇಕು?"

ಅಂದಾನಪ್ಪ ಅನುಭವಸ್ಥನಂತೆ ಹುಬ್ಬಿಗೆ ಕೈ ಹಚ್ಚಿ ನೋಡಿದ. ಪಕ್ಕದ ಗುಡ್ಡ ಇನ್ನೂ ಹುಲ್ಲಿನಿಂದ ಹಳದಿಯಾಗಿತ್ತು. "ಅತ್ಲಾಗ ನಡೀರಿ. ಮಸ್ತ್ ಐತಿ."

ದಾರಿಯಲ್ಲಿ ಆಡು ಹೊಡೆದುಕೊಂಡು ಹೊರಟಿದ್ದ ಉಚ್ಚೆಂಗಮ್ಮ ಲಾರಿಗೆ ಅಡ್ಡ ನಿಂತಳು. "ಸಾವ್ಕಾರ್ರ, ನನಗ ಉಳಿದಿರೋದು ಅದೊಂದಾ ಗುಡ್ಡರೀ. ಮೇಸಾಕ ಅಲ್ಲಿಗೇ ಹೊಂಟೀನಿ."

ಅಂದಾನಪ್ಪನ ಮನಸ್ಸು ಕರಗಿತು. ಬಡವರ ಹೊಟ್ಟೆಯ ಮೇಲೆ ಹೊಡೆಯುವವನಲ್ಲ ಅವನು.

"ಜಲ್ದಿ ಮೇಸ್ಕೊಂಡು ಬಾರವ್ವಾ," ಎಂದ. "ಮುಹೂರ್ತ ಹನ್ನೆರಡರತನಕ ಐತಿ. ಕಾಯ್ತೀವಿ."