ಎಡಗಣ್ಣಿನ ಗುರಿ

ಕಣ್ಣಿನ ಡಾಕ್ಟರು ಬಲಗಣ್ಣಿನ ಬಗ್ಗೆ ಹೇಳುವುದನ್ನೆಲ್ಲ ಹೇಳಿ ಮುಗಿಸಿದಾಗ ಅವಳು ಕೇಳಿದ್ದು ಒಂದೇ ಮಾತು. "ಎಡಗಣ್ಣು ನೆಟ್ಟಗಿದೆ ತಾನೆ?"

"ಅದಕ್ಕೇನೂ ಆಗಿಲ್ಲಮ್ಮ."

"ಹಾಗಾದ್ರೆ ಸಾಕು ಬಿಡಿ."

ಕಟ್ಟುಹಲ್ಲು ತಯಾರಿಸುವುದು ಅವಳ ಕಸುಬು. ದಂತವೈದ್ಯರು ಕಳಿಸಿದ ಅಚ್ಚು ನೋಡಿಕೊಂಡು, ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಬೇಕು. ಇಪ್ಪತ್ತಾರು ವರ್ಷದಿಂದ ಅದೇ ಕಿಟಕಿ, ಅದೇ ಬೆಂಚು. ಈಗ ಬಲಗಣ್ಣಿನ ನಟ್ಟನಡುವೆ ಒಂದು ಬೂದುಬಣ್ಣದ ಮಚ್ಚೆ ಬಂದು ಕೂತಿತ್ತು. ಹಲ್ಲನ್ನು ದಿಟ್ಟಿಸಿದರೆ ಹಲ್ಲೇ ಮಾಯ, ಸುತ್ತಲಿನ ಒಸಡು ಮಾತ್ರ ಕಾಣುತ್ತಿತ್ತು. ಎಡಗಣ್ಣೊಂದನ್ನೇ ನಂಬಿ ಕೆಲಸ ಮಾಡುವುದನ್ನು ಎರಡೇ ವಾರದಲ್ಲಿ ಕಲಿತಳು. ಮೂರನೆಯ ವಾರ ಬೀರುವಿನ ಹಿಂದಿದ್ದ ಉದ್ದನೆಯ ಪೆಟ್ಟಿಗೆಯ ಬೀಗ ತೆಗೆದಳು.

ಒಳಗಿದ್ದದ್ದು ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಮಾದರಿಯ ಕೋವಿ. ಒಮ್ಮೆಗೆ ಒಂದೇ ಗುಂಡು. ಮದ್ದು ಸುರಿದು, ಎಣ್ಣೆಬಟ್ಟೆಯಲ್ಲಿ ಸುತ್ತಿದ ಸೀಸದ ಗುಂಡನ್ನು ಗಜವೆಂಬ ಉದ್ದನೆಯ ಕೋಲಿನಿಂದ ತಳದವರೆಗೆ ದೂಡಿ, ಆಮೇಲೆ ಮದ್ದಿಗೆ ಕಿಡಿ ಹಾರಿಸುವ ಕೇಪು ಇಟ್ಟು ಹೊಡೆಯಬೇಕು. ಮದುವೆಗೆ ಮುಂಚೆ, ಮದುವೆಯಾದ ಮೇಲೂ ಕೆಲವು ವರ್ಷ, ಐವತ್ತು ಮೀಟರಿನ ಗುರಿಯಲ್ಲಿ ಅವಳದು ದೊಡ್ಡ ಹೆಸರು. ನೂರಕ್ಕೆ ತೊಂಬತ್ತನಾಲ್ಕು ಹೊಡೆದವಳು. ಆಮೇಲೆ ಬಿಟ್ಟುಹೋಯಿತು. ಯಾರೂ ಬೇಡ ಅನ್ನಲಿಲ್ಲ. ಮಗಳು ಹುಟ್ಟಿದಳು, ಅತ್ತೆ ಹಾಸಿಗೆ ಹಿಡಿದರು, ಕೆಲಸ ಹೆಚ್ಚಾಯಿತು. ಮುಂದಿನ ಶನಿವಾರ ಹೋದರಾಯಿತು ಅನ್ನುತ್ತ ಅನ್ನುತ್ತ ಹತ್ತೊಂಬತ್ತು ವರ್ಷದ ಶನಿವಾರಗಳು ಕಳೆದಿದ್ದವು.

ಲಿಫ್ಟ್ ರಿಪೇರಿ ಮಾಡುವ ಗಂಡ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತ. "ಏನೇ ಇದು? ಎರಡೂ ಕಣ್ಣು ಚೆನ್ನಾಗಿದ್ದಾಗ ಮುಟ್ಲಿಲ್ಲ. ಈಗ ಒಂದು ಕೈಕೊಟ್ಟ ಮೇಲೆ ಕೋವಿ ಬೇಕಾಯ್ತಾ?"

"ಇನ್ನೊಂದೂ ಕೈಕೊಡೋವರೆಗೆ ಕಾಯ್ಲಾ?"

ಅವನು ಚಪ್ಪಲಿ ಬಿಟ್ಟು ಒಳಗೆ ಬಂದು, ಪೆಟ್ಟಿಗೆಯ ಇನ್ನೊಂದು ತುದಿ ಹಿಡಿದ.

ಊರಾಚೆಯ ಗುರಿ ಮೈದಾನವನ್ನು ಈಗಲೂ ಮೇಷ್ಟ್ರೇ ನಡೆಸುತ್ತಿದ್ದರು. ಶಾಲೆಯಲ್ಲಿ ರೇಖಾಗಣಿತ ಹೇಳಿಕೊಟ್ಟು ನಿವೃತ್ತರಾದವರು. ಅವಳನ್ನು ಕಂಡು ಕನ್ನಡಕ ಹಣೆಗೇರಿಸಿದರು. "ಯಾರು, ಹಲ್ಲಕ್ಕನಾ? ಬದುಕಿದ್ಯಾ?"

"ಅರ್ಧ ಕುರುಡಾಗಿ ಬದುಕಿದೀನಿ ಮೇಷ್ಟ್ರೇ. ಇನ್ಮೇಲೆ ಎಡಭುಜದಿಂದ ಹೊಡೀತೀನಿ."

ಮೇಷ್ಟ್ರ ಮುಖ ಸಪ್ಪಗಾಯಿತು. ಕೋವಿ ಬಲಗೈಯವರದು, ಕೇಪು ಕೂರುವುದು ಅದರ ಬಲಮಗ್ಗುಲಲ್ಲಿ. ಎಡಭುಜಕ್ಕೆ ಏರಿಸಿದರೆ ಕೇಪು ಸಿಡಿಯುವುದು ಕೆನ್ನೆಯ ಪಕ್ಕದಲ್ಲೇ. "ಬೆಂಕಿ ಮುಖದ ಹತ್ರವೇ ಬರುತ್ತೆ. ಬೆಚ್ಚಿಬೀಳ್ತೀಯ. ಇರೋ ಒಂದು ಕಣ್ಣನ್ನ ಪಣಕ್ಕಿಡ್ಬೇಡ ಮಾರಾಯ್ತಿ."

ಅವಳು ಚೀಲದಿಂದ ದಪ್ಪ ಗಾಜಿನ, ಪಕ್ಕಗಳೆರಡೂ ಮುಚ್ಚಿದ ಕನ್ನಡಕ ತೆಗೆದು ಹಾಕಿಕೊಂಡಳು. ಹಲ್ಲು ಅರೆಯುವಾಗ ಹಾಕಿಕೊಳ್ಳುವಂಥದ್ದು. "ಕಣ್ಣು ಕಾಯೋದು ನಂಗೆ ಗೊತ್ತು. ಬೆಚ್ಚೋದು ಅಭ್ಯಾಸ ಆದ್ರೆ ಹೋಗುತ್ತೆ."

ಅಷ್ಟು ಸುಲಭವಾಗಿ ಹೋಗಲಿಲ್ಲ. ಮೊದಲ ದಿನದ ಹತ್ತು ಗುಂಡಿನಲ್ಲಿ ಕಾಗದಕ್ಕೆ ತಾಕಿದ್ದು ಮೂರು. ಕೇಪು ಸಿಡಿದಾಗಲೆಲ್ಲ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಎಡಗೈ ಬೆರಳು ಟ್ರಿಗರನ್ನು ಒತ್ತುವ ಬದಲು ಜಗ್ಗುತ್ತಿತ್ತು. ಭುಜದ ಮೇಲೆ ಬದನೆಕಾಯಿ ಬಣ್ಣದ ಗಾಯವಾಯಿತು. ಎರಡನೇ ಶನಿವಾರ ನಾಲ್ಕು ತಾಕಿದವು. ಮೂರನೇ ಶನಿವಾರ ಎರಡು. ಆ ದಿನ ಬಸ್ಸಿನಲ್ಲಿ ಕೂತು ಕಣ್ಣೊರೆಸಿಕೊಂಡಳು. ಮನೆ ತಲುಪುವಷ್ಟರಲ್ಲಿ ಮಾಡಬೇಕಾದ್ದು ತಲೆಯಲ್ಲಿ ಸಿದ್ಧವಾಗಿತ್ತು.

ದಿನಾ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಖಾಲಿ ಕೋವಿ ಎತ್ತಿ, ಗೋಡೆಗೆ ಅಂಟಿಸಿದ ಕಪ್ಪುಚುಕ್ಕೆಗೆ ಗುರಿ ಹಿಡಿದು ನಿಲ್ಲುತ್ತಿದ್ದಳು. ಐವತ್ತು ಸಲ. ಊಟಕ್ಕೆ ಎಡಗೈಯಲ್ಲೇ ಚಮಚ ಹಿಡಿದಳು, ಹಲ್ಲುಜ್ಜಿದ್ದೂ ಎಡಗೈಯಲ್ಲೇ. "ಸಹಿ ಮಾತ್ರ ಬಲಗೈಯಲ್ಲೇ ಹಾಕು, ಬ್ಯಾಂಕಿನವರು ಪೊಲೀಸರನ್ನ ಕರೆದಾರು" ಎಂದ ಗಂಡ. ಆದರೆ ಅವಳು ಕೇಳದಿದ್ದರೂ ಅಡುಗೆಮನೆಯಿಂದ ಒಂದು ತಟ್ಟೆ ತಂದು, ಅವಳು ಟ್ರಿಗರ್ ಒತ್ತುವ ಹೊತ್ತಿಗೆ ಸರಿಯಾಗಿ ಕಿವಿಯ ಪಕ್ಕ ಸೌಟಿನಿಂದ ಬಾರಿಸತೊಡಗಿದ. ಮೊದಮೊದಲು ಅವಳು ಹಾರಿಬೀಳುತ್ತಿದ್ದಳು. ಒಂದು ತಿಂಗಳಾದ ಮೇಲೆ ಬೆಚ್ಚುತ್ತಿದ್ದದ್ದು ಮೇಲಿನ ಮನೆಯವರು ಮಾತ್ರ.

ಆರನೇ ತಿಂಗಳಲ್ಲಿ ಸ್ಪರ್ಧೆಗೆ ಹೆಸರು ಕೊಟ್ಟಳು. ಅರ್ಧ ಗಂಟೆಯಲ್ಲಿ ಹದಿಮೂರು ಗುಂಡು. ಒಳ್ಳೆಯ ಹತ್ತು ಲೆಕ್ಕಕ್ಕೆ. ಮದ್ದನ್ನು ಮನೆಯಲ್ಲೇ ತೂಗಿ ಹದಿಮೂರು ಪುಟ್ಟ ಸೀಸೆಗಳಲ್ಲಿ ತುಂಬಿ ತಂದಿದ್ದಳು. ಮೊದಲ ಐದು ಗುಂಡು ಹದವಾಗಿಯೇ ಹೋದವು. ಆರನೆಯದಕ್ಕೆ ಕೇಪು ಚಟ್ ಎಂದಿತು, ಗುಂಡು ಹೊರಡಲಿಲ್ಲ. ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕಾದಳು. ಏನೂ ಆಗಲಿಲ್ಲ. ಸೀಸೆಗಳತ್ತ ನೋಡಿದಳು. ಆರನೇ ಸೀಸೆ ತುಂಬಿಕೊಂಡೇ ಇತ್ತು. ಮದ್ದು ಹಾಕದೆ ಬರೀ ಗುಂಡು ತುಂಬಿದ್ದಳು.

ಪಕ್ಕದ ಸಾಲಿನವನು ತಿರುಗಿ ನೋಡಿದ. ಮೇಷ್ಟ್ರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಇವತ್ತಿಗೆ ಸಾಕು ಮಾಡ್ತೀಯಾ?" ಎಂದರು.

"ಎಷ್ಟು ನಿಮಿಷ ಉಳಿದಿದೆ?"

"ಹದಿನೇಳು."

"ಹಾಗಾದ್ರೆ ಸ್ವಲ್ಪ ಪಕ್ಕಕ್ಕೆ ನಿಲ್ಲಿ."

ಕೇಪು ಕೂರುವ ಪುಟ್ಟ ಕೊಳವೆಯನ್ನು ತಿರುಪಿ ಬಿಚ್ಚಿದಳು. ಅದರ ತೂತಿನಲ್ಲಿ ಚಿಟಿಕೆ ಚಿಟಿಕೆಯಾಗಿ ಮದ್ದು ಇಳಿಸಿದಳು. ಸೂಜಿಮೊನೆಯ ಕೆಲಸ, ಇಪ್ಪತ್ತಾರು ವರ್ಷ ಹಲ್ಲು ಕೂರಿಸಿದ ಕೈಗೆ ಹೊಸದೇನಲ್ಲ. ಕೊಳವೆ ಬಿಗಿದು, ಗುಂಡು ತಳಕ್ಕೇ ಕೂತಿದೆಯೆಂದು ಗಜ ಇಳಿಸಿ ನೋಡಿ, ಕೇಪಿಟ್ಟು ಒತ್ತಿದಳು. ಸಿಕ್ಕಿಕೊಂಡಿದ್ದ ಗುಂಡು ಪುಸ್ಸೆಂದು ಹೊರಬಿದ್ದು ಎಲ್ಲೋ ಹುಲ್ಲಿನಲ್ಲಿ ಹೋಯಿತು. ಯಾರೋ ನಕ್ಕರು. ಅವಳು ಆಗಲೇ ಮುಂದಿನ ಸೀಸೆಯ ಬಿರಡೆ ತೆಗೆಯುತ್ತಿದ್ದಳು. ಗಂಟೆ ಬಾರಿಸುವ ಹೊತ್ತಿಗೆ ಹನ್ನೊಂದು ಗುಂಡು ಮುಗಿದಿದ್ದವು.

ಅರವತ್ತೆಂಟು ಅಂಕ. ಹದಿನಾಲ್ಕು ಜನರಲ್ಲಿ ಹನ್ನೆರಡನೆಯವಳು.

ಮೇಷ್ಟ್ರು ಗುರಿಕಾಗದ ಕೈಗಿತ್ತು ಹೇಳಿದರು, "ಬೇಜಾರು ಮಾಡ್ಕೋಬೇಡಮ್ಮ."

"ಬೇಜಾರ್ಯಾಕೆ? ಇಬ್ಬರನ್ನ ಹಿಂದೆ ಹಾಕಿದೀನಿ. ಮುಂದಿನ ಸ್ಪರ್ಧೆ ಯಾವಾಗ?"

ಆ ಸಂಜೆ ಬಚ್ಚಲಲ್ಲಿ ಕೋವಿಯ ನಳಿಗೆಗೆ ಗಂಡ ಬಿಸಿನೀರು ಹೊಯ್ಯುತ್ತಿದ್ದ, ಅವಳು ಗಜದಿಂದ ಉಜ್ಜುತ್ತಿದ್ದಳು. ಇದ್ದಿಲಿನಂಥ ಕಪ್ಪು ನೀರು ಹರಿದುಹೋಗುತ್ತಿತ್ತು. ಅವನು ಚೆಂಬು ಕೆಳಗಿಟ್ಟು, ಗೋಡೆಗೆ ಒರಗಿಸಿದ್ದ ಕಾಗದದ ಮೇಲೆ ಬಗ್ಗಿದ.

"ನಡುವೆ ಎರಡು ತೂತು ಒಂದಕ್ಕೊಂದು ಅಂಟ್ಕೊಂಡಿವೆಯಲ್ಲೇ! ಇವು ಯಾವಾಗಿನವು?"

"ಕೊನೇ ಎರಡು."

"ಅಂದ್ರೆ ಕಲಿತ್ಬಿಟ್ಟೆ."

"ಎರಡು ಕಲಿತೆ. ಇನ್ನು ಎಂಟು ಬಾಕಿ," ಎಂದು ನಳಿಗೆಯನ್ನು ಬೆಳಕಿಗೆ ಎತ್ತಿ ಎಡಗಣ್ಣಿಟ್ಟು ನೋಡಿದಳು. "ಇನ್ನೂ ಮಸಿ ಇದೆ. ನೀರು ಹಾಕು."