ಬಾಯಿ ನೆಲ್ಸನ್‌ನದು, ದನಿ ಬೆನೆಡಿಕ್ಟ್‌ನದು

ಹನ್ನೆರಡು ವರ್ಷ! ಹನ್ನೆರಡು ವರ್ಷ ಬೆನೆಡಿಕ್ಟ್ ಸ್ವೀಡನ್ನಿನ ಲಿಂಕೋಪಿಂಗ್‌ನ ಒಪೆರಾ ತಂಡದಲ್ಲಿ ಕೋರಸ್ಸಿನ ಹಿಂದಿನ ಸಾಲಿನಲ್ಲಿ ಸೈನಿಕನೋ ಕುಡುಕನೋ ಆಗಿ ನಿಂತು ಸವೆದುಹೋದ. ಮುಂದೆ ನಾಯಕನಾಗಿ ಮೆರೆದವನು ನೆಲ್ಸನ್. ಇಬ್ಬರೂ ಉಡುಪಿಯ ಒಂದೇ ಚರ್ಚಿನಲ್ಲಿ ಹಾಡಿ ಬೆಳೆದವರು, ಇಬ್ಬರೂ ಏರುದನಿಯ ಟೆನರ್ ಗಾಯಕರು. ಈ ದೇಶಕ್ಕೆ ಬಂದ ಮೊದಲ ವರ್ಷ ನೆಲ್ಸನ್ ಉಂಡದ್ದು, ಮಲಗಿದ್ದು ಎಲ್ಲ ಬೆನೆಡಿಕ್ಟ್‌ನ ಮನೆಯಲ್ಲೇ.

ನಿಜ ಗೊತ್ತಾದದ್ದು ಹೋದ ವರ್ಷ, ನಿವೃತ್ತನಾದ ಹಳೆಯ ನಿರ್ದೇಶಕ ಫೀಕಾ ಎಂಬ ಇಲ್ಲಿನ ಹರಟೆಯ ಬಿಡುವಿನಲ್ಲಿ ಕಾಫಿ ಹೀರುತ್ತ ಬಾಯಿಬಿಟ್ಟಾಗ. ನಾಯಕನ ಆಯ್ಕೆಯ ಹಿಂದಿನ ದಿನ ನೆಲ್ಸನ್ ಅವನ ಕಿವಿ ಊದಿದ್ದನಂತೆ: ‘ಬೆನೆಡಿಕ್ಟ್‌ನ ಮೇಲಿನ ಸ್ವರ ನಂಬಬೇಡಿ, ಯಾವಾಗ ಕೈಕೊಡುತ್ತದೋ ಹೇಳಲಾಗದು.’ ಹಸಿ ಸುಳ್ಳು! ಉಂಡ ಮನೆಯ ಜಂತೆ ಎಣಿಸುವುದೆಂದರೆ ಇದೇ.

ಅವತ್ತಿನಿಂದ ಬೆನೆಡಿಕ್ಟ್ ಹಲ್ಲು ಕಚ್ಚಿ ಕಾದ. ಒಂದು ಭಾನುವಾರ ಮಧ್ಯಾಹ್ನ, ಪ್ರದರ್ಶನಕ್ಕೆ ಎರಡು ಗಂಟೆ ಇರುವಾಗ, ನೆಲ್ಸನ್‌ನ ಗಂಟಲು ಕಟ್ಟಿತು. ಇಂಥ ಹೊತ್ತಿಗೆ ಒಪೆರಾದಲ್ಲಿ ಒಂದು ವಾಡಿಕೆಯಿದೆ. ಗಂಟಲು ಕೆಟ್ಟವನು ವೇಷ ಹಾಕಿ ಬರೀ ಬಾಯಾಡಿಸುತ್ತಾನೆ, ಇನ್ನೊಬ್ಬ ವೇದಿಕೆಯ ಮೂಲೆಯಲ್ಲಿ ನಿಂತು ಹಾಡುತ್ತಾನೆ. ಆ ಪಾತ್ರ ಪೂರ್ತಿ ಬಾಯಿಪಾಠ ಇದ್ದವನು ಬೆನೆಡಿಕ್ಟ್ ಒಬ್ಬನೇ.

‘ಮಾನ ಉಳಿಸು ಮಾರಾಯ,’ ನೆಲ್ಸನ್ ಪಿಸುಗುಟ್ಟಿದ.

‘ಉಳಿಸುವ, ಉಳಿಸುವ,’ ಅಂದ ಬೆನೆಡಿಕ್ಟ್.

ಚೆನ್ನಾಗಿ ಹಾಡಿದರೆ ವಸಂತದ ಒಪೆರಾಕ್ಕೆ ನೀನೇ ನಾಯಕ ಎಂದು ಈಗಿನ ನಿರ್ದೇಶಕಿ ಹೇಳಿದ್ದು ಅವನ ತಲೆಗೆ ಇಳಿಯಲೇ ಇಲ್ಲ. ತಲೆಯಲ್ಲಿ ಇದ್ದದ್ದು ಒಂದೇ: ಕೊನೆಯ ಹಾಡಿನ ತುತ್ತತುದಿಯ ಸ್ವರಕ್ಕೆ ಬಾಯಿ ಮುಚ್ಚಿಬಿಡಬೇಕು. ನೆಲ್ಸನ್ ಮೀನಿನ ಹಾಗೆ ಬಾಯಿ ತೆರೆದು ನಿಲ್ಲಲಿ, ಊರೆಲ್ಲ ನೋಡಿ ನಗಲಿ!

ಪರದೆ ಏಳುವ ಮೊದಲು ನಿರ್ದೇಶಕಿ ಜನರಿಗೆ ವಿಷಯ ತಿಳಿಸಿ ಬೆನೆಡಿಕ್ಟ್‌ನ ಹೆಸರು ಹೇಳಿದಳು. ಆಮೇಲೆ ಅವನು ಎಂಥ ಹಾಡು ಹಾಡಿದ ಅಂತೀರಿ! ವಾದ್ಯದವರೇ ತಲೆದೂಗಿದರು. ಕೊನೆಯ ಹಾಡು ಏರುತ್ತ ಏರುತ್ತ ಬಂತು. ನೆಲ್ಸನ್ ಕೈ ಚಾಚಿ ಬಾಯಿ ತೆರೆದ. ಬೆನೆಡಿಕ್ಟ್ ತುಟಿ ಬಿಗಿದ.

ಸದ್ದಿಲ್ಲ. ಆಹಾ, ಎಂಥ ಸುಖ!

ಆದರೆ ಒಬ್ಬರೂ ನೆಲ್ಸನ್‌ನ ಕಡೆ ನೋಡಲಿಲ್ಲ. ಹಾಡುವವನು ಯಾರೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತಲ್ಲ! ತಲೆಗಳೆಲ್ಲ ಮೂಲೆಗೆ ತಿರುಗಿದವು. ಮುಂದಿನ ಸಾಲಿನ ಅಜ್ಜಿಯೊಬ್ಬಳು ಪಾಪ ಎಂಬಂತೆ ಎದೆಯ ಮೇಲೆ ಕೈಯಿಟ್ಟಳು. ಯಾರೋ ಧೈರ್ಯ ತುಂಬಲು ಚಪ್ಪಾಳೆ ತಟ್ಟಿದರು, ಇಡೀ ಸಭಾಂಗಣ ಕೂಡಿಕೊಂಡಿತು. ಕೋಪದಲ್ಲಿ ಕೊಯ್ದ ಮೂಗು ಮತ್ತೆ ಬರುತ್ತದೆಯೇ?

ಪರದೆ ಬಿದ್ದ ಮೇಲೆ ನಿರ್ದೇಶಕಿ ಅವನ ಮುಖ ನೋಡದೆ ಹಾದುಹೋದಳು.

‘ನಾನು ಬೇಕಂತಲೇ ನಿಲ್ಲಿಸಿದ್ದು!’ ಬೆನೆಡಿಕ್ಟ್ ಕಿರುಚಿದ. ‘ಆ ಸ್ವರ ನಂಗೆ ನೀರು ಕುಡಿದಷ್ಟು ಸುಲಭ!’

ನೆಲ್ಸನ್ ಬಂದು ಅವನ ಬೆನ್ನು ಸವರಿದ. ‘ಹೌದು ಮಾರಾಯ, ಹೌದು,’ ಅಂದ, ಕಣ್ಣಲ್ಲಿ ನೀರು ತಂದುಕೊಂಡು. ‘ಅವತ್ತು ನಿರ್ದೇಶಕರ ಹತ್ರ ನಿನ್ನ ಬಗ್ಗೆ ಸುಳ್ಳು ಹೇಳಿದೆ ಅಂತ ಹನ್ನೆರಡು ವರ್ಷ ನನ್ನ ಮನಸ್ಸು ಚುಚ್ಚುತ್ತಾ ಇತ್ತು. ಇವತ್ತು ಹಗುರ ಆಯ್ತು ನೋಡು. ಅದು ಸುಳ್ಳೇ ಅಲ್ಲ.’