ಸೋಗೆ ಮುಚ್ಚಿದ ಕಾರು

ದಾರಿ ತಪ್ಪಿ ಹೊಲಕ್ಕೆ ಬಂದ ದನವನ್ನು ಪುಟ್ಟಮಾದಪ್ಪ ಹೊಡೆದಟ್ಟಿದವನಲ್ಲ. ಮರಕ್ಕೆ ಕಟ್ಟುತ್ತಾನೆ, ಮೇವು ಹಾಕುತ್ತಾನೆ. ಕೇಳಿಕೊಂಡು ಯಾರೂ ಬರದಿದ್ದರೆ ಅದು ಅವನ ಕೊಟ್ಟಿಗೆಯದೇ ಆಗಿಬಿಡುತ್ತದೆ. ಕಾರಿಗೂ ಅವನು ಮಾಡಿದ್ದು ಅದನ್ನೇ.

ಲೊಕ್ಕನಹಳ್ಳಿ ಹತ್ತಿರ ಕಾಡಿಗೆ ಅಂಟಿಕೊಂಡ ಹೊಲ ಅವನದು. ಚಳಿಗಾಲದ ಒಂದು ಮುಂಜಾನೆ ಅವನ ಹೆಂಡತಿ ಶಿವರತ್ನಮ್ಮ ಅವರೆಕಾಯಿ ಕೀಳಲು ಹೋದಾಗ ಹುಣಸೆಮರದಡಿ ಒಂದು ಬಿಳಿ ಕಾರು ನಿಂತಿತ್ತು. ಮೂತಿ ಕಾಡಿನ ಕಡೆಗೆ. ಕೀಲಿ ಒಳಗೇ ಇತ್ತು. ಡ್ರೈವರ್ ಸೀಟಿನಲ್ಲಿ ಆಳಿಲ್ಲ, ಬೆಲ್ಟು ಮಾತ್ರ ಹಾಕಿದ ಹಾಗೇ ಇತ್ತು. ಆಕೆ ಓಡಿಹೋಗಿ ಗಂಡನನ್ನು ಕರೆದಳು.

ಪುಟ್ಟಮಾದಪ್ಪ ಬಂದು ಸುತ್ತ ನೋಡಿದ. ಹಗ್ಗ ತಂದು ಕಾರನ್ನು ಮರಕ್ಕೆ ಕಟ್ಟಿದ.

"ಅದೇನು ಒದ್ದು ಓಡೋದಾ, ಕಟ್ಟಾಕಕೆ?" ಅಂದಳು ಶಿವರತ್ನಮ್ಮ.

"ನಿಂಗೇನು ಗೊತ್ತು ಸುಮ್ಕಿರು. ಕೇಳ್ಕಂಡು ಬಂದ್ರೆ ಕೊಡನ. ಬರ್ನಿಲ್ಲ ಅಂದ್ರೆ ನಮ್ದು."

ಊರವರ ಕಣ್ಣಿಗೆ ಬೀಳಬಾರದೆಂದು ಸಂಜೆಯೊಳಗೆ ತೆಂಗಿನ ಸೋಗೆ, ಹುಲ್ಲು ಹೊದಿಸಿಬಿಟ್ಟ. ಮಗ ಪ್ರಭುಸ್ವಾಮಿ ನಂಬರ್ ಪ್ಲೇಟ್ ಬಿಚ್ಚಿಟ್ಟ. ಕೌದಳ್ಳಿಯಿಂದ ಬೆಟ್ಟದ ದೇವಸ್ಥಾನಕ್ಕೆ ಬಾಡಿಗೆ ಓಡಿಸುವ ಕನಸು ಅವನಿಗೆ.

ಕೆಲವು ವಾರ ಕಳೆದವು. ಒಂದು ಬೆಳಿಗ್ಗೆ ಶಿವರತ್ನಮ್ಮ ಸೋಗೆ ಸರಿಸಿ ನೋಡಿದಳು. ಗಾಜಿನ ತುಂಬ ಮಂಜು. ಅದರ ನಡುವೆ ಪುಟ್ಟ ಅಂಗೈಯೊಂದರ ಗುರುತು, ಐದೂ ಬೆರಳು ಬಿಡಿಸಿಕೊಂಡು. ಸೆರಗಿನಿಂದ ಒರೆಸಿದಳು. ಹೋಗಲಿಲ್ಲ. ಮಂಜು ಕಟ್ಟಿದ್ದು ಒಳಗಡೆ! ಬಿಸಿಲೇರಿದ ಮೇಲೆ ಕೈ ತಾನಾಗೇ ಮಾಯವಾಯಿತು. ಮಾರನೆಯ ಬೆಳಿಗ್ಗೆ ಅದೇ ಜಾಗದಲ್ಲಿ ಮತ್ತೆ ಇತ್ತು. ಆಮೇಲೆ ಆಕೆಗೆ ಅನ್ನ ಸೇರಲಿಲ್ಲ.

ಹೆಂಗಸರ ಸಂಘದ ಸಭೆಗೆ ತಂಗಿ ವರಸೆಯ ಯಶೋದ ಬಂದಾಗ ಶಿವರತ್ನಮ್ಮ ಎಲ್ಲ ಹೇಳಿಕೊಂಡು ಅತ್ತಳು. ಯಶೋದ ಕೊಳ್ಳೇಗಾಲದಲ್ಲಿ ವಕೀಲರ ಆಫೀಸಿನಲ್ಲಿ ಕೆಲಸ ಮಾಡುವವಳು. ನೇರ ಹೊಲಕ್ಕೇ ಬಂದು ಗಾಜು ನೋಡಿದಳು.

"ಗಾಳಿ ಗೀಳಿ ಏನಲ್ಲ ಕಣಕ್ಕ. ಗಾಜಿನ ಮೇಲೆ ಕೈ ಜಿಡ್ಡು ಅಂಟಿರ್ತದೆ, ಮಂಜು ಕಟ್ದಾಗೆಲ್ಲ ಕಾಣ್ತದೆ. ನನ್ನ ಭಯ ಬ್ಯಾರೆ. ಈ ಕಾರಲ್ಲಿ ಬಂದೋರು ಎಲ್ಲೋದ್ರು?"

ಕಾಡಿನ ಕಡೆ ನೋಡಲು ಶಿವರತ್ನಮ್ಮನಿಗೆ ಧೈರ್ಯ ಬರಲಿಲ್ಲ.

"ನಮ್ಮೊಲದಲ್ಲಿ ಇಷ್ಟು ದಿನ ಬಿದ್ದದೆ. ನಮ್ದೇ ತಾನೇ?" ಅಂದ ಪುಟ್ಟಮಾದಪ್ಪ.

"ಒಲ ನಿಮ್ದು ಬಾವ, ಕಾರು ನಿಮ್ದಲ್ಲ. ಎಷ್ಟು ವರ್ಸ ನಿಂತ್ರೂ ಆರ್‌ಸಿಲಿ ಯಾರೆಸರದೋ ಅವರ್ದೇಯ. ಪ್ಲೇಟ್ ಬಿಚ್ಚಿ ಓಡ್ಸುದ್ರೆ ಕಳ್ಳಮಾಲು ಅಂತ ಇಡೀತಾರೆ. ಯಾರಿಗಾರ ಗುದ್ದುದ್ರೆ ನಿಮ್ ಒಲ ಮಾರುದ್ರೂ ಸಾಲದು."

"ಅಂಗಾರೆ ನಮ್ದಾಗಕೆ ದಾರೀನೇ ಇಲ್ವಾ?" ಪ್ರಭುಸ್ವಾಮಿ ಮುಖ ಸಪ್ಪೆ ಮಾಡಿದ.

"ದಾರಿ ಅದೆ ಕಣ್ಲಾ. ಮೊದ್ಲು ಸ್ಟೇಷನ್ನಿಗೆ ಬರೆದುಕೊಟ್ಟು ಸ್ವೀಕೃತಿ ಇಸ್ಕಳಿ. ಅವ್ರು ಮಾಲೀಕರನ್ನ ಹುಡುಕ್ತಾರೆ. ಸಿಕ್ಕಿ, ಮಾರ್ತೀನಿ ಅಂದ್ರೆ ಆರ್‌ಟಿಒಲಿ ನಿನ್ನೆಸರಿಗೆ ಮಾಡಿಸ್ಕೊ. ಸಿಗ್ನಿಲ್ಲ ಅಂದ್ರೆ ಕೋರ್ಟಿಂದ ಪ್ರಕಟಣೆ ಓಗ್ತದೆ, ಬಂದು ಕೇಳಕೆ ಆರು ತಿಂಗಳು ಟೈಮು. ಆಮೇಲೆ ಹರಾಜು. ಕೂಗಿ ತಕಂಡು, ಹರಾಜಿನ ಕಾಗದ ತೋರ್ಸಿ ಆರ್‌ಸಿ ಮಾಡಿಸ್ಕಬೋದು."

"ಅಷ್ಟೆಲ್ಲ ಯಾರು ಅಲೀತಾರೆ?" ಪುಟ್ಟಮಾದಪ್ಪ ಗೊಣಗಿದ.

"ನೀವಿಲ್ಲೇ ಇರಿ. ನಾನೇ ಓಯ್ತೀನಿ," ಅಂದು ಶಿವರತ್ನಮ್ಮ ಎದ್ದೇಬಿಟ್ಟಳು. ಅಪ್ಪ ಮಗ ಹಿಂದೆಯೇ ಹೊರಟರು.

ಹನೂರಿನ ಸ್ಟೇಷನ್ನಿನಲ್ಲಿ ನಂಬರ್ ಕೊಟ್ಟ ಮಾರನೆಯ ದಿನವೇ ಪೊಲೀಸರ ಜೊತೆ ಯಳಂದೂರಿನಿಂದ ರತ್ನ ಎಂಬಾಕೆ ಬಂದಳು. ಕಾರು ಅವಳ ಹೆಸರಿನಲ್ಲಿತ್ತು. ಶಿವರತ್ನಮ್ಮ ತಡೆಯಲಾರದೆ ಆ ಕೈ ಗುರುತಿನ ವಿಷಯ ಕೇಳಿಯೇಬಿಟ್ಟಳು.

"ನನ್ ಮಗಳ್ದು. ಸ್ಕೂಲಿಗೋಗುವಾಗ ಅಲ್ಲೇ ಕೈ ಒತ್ತೋಳು. ಮನೇಲವಳೆ," ಅಂದಳು ರತ್ನ.

"ಕಾರು ತಂದೋರು?"

"ನನ್ ಗಂಡ. ಮನಸ್ಸು ಸರಿಗಿರ್ನಿಲ್ಲ. ಇನ್ನೂ ಬಂದಿಲ್ಲ."

ಆಮೇಲೆ ರತ್ನ ಪಕ್ಕದಲ್ಲಿ ರಾಶಿ ಬಿದ್ದಿದ್ದ ಸೋಗೆಯನ್ನೇ ನೋಡುತ್ತ ನಿಂತಳು. "ಅವರು ಓದ ಮಾರ್ನೆ ದಿನ ಸಂಜೆ ಇದೇ ರಸ್ತೇಲಿ ಹುಡುಕ್ತಾ ಬಂದ್ವಿ. ಈ ರಾಶೀನೂ ನೋಡ್ದೆ ಕಣಕ್ಕ. ಯಾರೋ ಮೇವು ಒಟ್ಟವ್ರೆ ಅನ್ಕಂಡು ಮುಂದಕ್ಕೋದೆ."

ಪುಟ್ಟಮಾದಪ್ಪ ತಲೆ ತಗ್ಗಿಸಿದವನು ಎತ್ತಲಿಲ್ಲ. ಪೊಲೀಸರೂ ಅರಣ್ಯದವರೂ ಕಾಡು ಜಾಲಾಡಿದರು. ಹಳ್ಳದ ಬಂಡೆಯ ಮೇಲೆ ಜೋಡಿಸಿಟ್ಟ ಒಂದು ಜೊತೆ ಚಪ್ಪಲಿ ಸಿಕ್ಕಿತು. ಅಲ್ಲಿಂದ ಮುಂದಕ್ಕೆ ಹೆಜ್ಜೆ ಗುರುತು ಉಳಿದಿರಲಿಲ್ಲ.

ಪೊಲೀಸರ ವಿಚಾರಣೆ ಮುಗಿದು ಕಾರು ಕೈಗೆ ಬಂದ ಮೇಲೆ ರತ್ನ ಅದನ್ನು ಮನೆ ಮುಂದೆ ನಿಲ್ಲಿಸಿಕೊಳ್ಳಲಾರದೆ ಮಾರಲು ನಿಂತಳು. ಪ್ರಭುಸ್ವಾಮಿಯೇ ಕೊಂಡ. ಇಬ್ಬರೂ ವರ್ಗಾವಣೆಯ ಫಾರಂಗಳಿಗೆ ಸಹಿ ಹಾಕಿದರು. ಆರ್‌ಸಿ, ಇನ್ಶೂರೆನ್ಸ್ ಎರಡೂ ಅವನ ಹೆಸರಿಗಾದವು, ಬಾಡಿಗೆಗೆ ಪರ್ಮಿಟ್ಟೂ ಆಯಿತು.

ಈಗ ಕಾಡಂಚಿನಲ್ಲಿ ಒಂಟಿ ಗಾಡಿ ಕಂಡರೆ ಪಕ್ಕದ ಸೀಟಿನಿಂದ ಪುಟ್ಟಮಾದಪ್ಪ "ನಿಲ್ಸ್ಲಾ" ಅನ್ನುತ್ತಾನೆ. ಇಳಿದು ಕಾಡಿನ ಕಡೆ ಮುಖ ಮಾಡಿ, "ಯಾರಪ್ಪಾ ಅಲ್ಲಿ?" ಎಂದು ಕೂಗುತ್ತಾನೆ. ಕಾಡು ಓಗೊಡುವುದಿಲ್ಲ. ಮಗ ಅಷ್ಟರಲ್ಲಿ 112ಕ್ಕೆ ಫೋನ್ ಹಚ್ಚಿರುತ್ತಾನೆ.

ಅಣ್ಣಂದಿರೇ, ಅಕ್ಕಂದಿರೇ, ವಾರಸುದಾರರಿಲ್ಲದ ಗಾಡಿ ನಿಮ್ಮ ಜಾಗದಲ್ಲಿ ಕಂಡರೆ ಮುಟ್ಟಬೇಡಿ, ಅಡಗಿಸಬೇಡಿ. ಅಂದೇ ಪೊಲೀಸರಿಗೆ ತಿಳಿಸಿ. ಗಾಡಿ ಬೇಕಿದ್ದರೆ ಕಾನೂನಿನಲ್ಲಿ ದಾರಿಯಿದೆ, ಅದಕ್ಕೆ ಆರು ತಿಂಗಳಾದರೂ ಕಾಯಬಹುದು. ಅದರಲ್ಲಿ ಬಂದವರನ್ನು ಹುಡುಕಲು ಮಾತ್ರ ಒಂದು ದಿನವೂ ತಡವಾಗಬಾರದು.